ಜರ್ಮನಿ ಹೆಡ್‌ಫೋನು

“ವಸಿ ತಲೆ ಎತ್ತಿ ಹಿಡ್ಕಳೋ, ಹಾರಕ್ಕೆ ಸಿಕ್ಕಾಕ್ಕೊಂತೈತೆ,” ಎಂದು ಪಕ್ಕದ ಹುಡುಗನಿಗೆ ಹೇಳುತ್ತ ಚನ್ನಬಸಪ್ಪ ಸತ್ತ ಅಣ್ಣನ ಕಿವಿಗಳಿಗೆ ಹೆಡ್‌ಫೋನು ಏರಿಸಿದ.

ಓಂಕಾರಮೂರ್ತಿಯನ್ನು ನಡುಮನೆಯ ಗೋಡೆಗೆ ಒರಗಿಸಿ, ಬೀಳದಂತೆ ಎದೆಗೆ ಪಂಚೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಈಗ ಅದರ ಮೇಲೆ ಈ ಕರಿ ಕಿರೀಟ ಬೇರೆ. ಭಜನೆಯವರು ತಾಳ ನಿಲ್ಲಿಸಿದರು. ಅಯ್ನೋರು ಮುಖ ಸಿಂಡರಿಸಿದರು.

“ಇದೆಂಥದಪ್ಪಾ, ಕೈಲಿ ಲಿಂಗ ಇರೋ ಹೊತ್ನಲ್ಲಿ?”

“ಎಲೆಅಡಿಕೆ ಹಾಕ್ಕೊಳ್ಳೋರ ಬಾಯಿಗೆ ಎಲೆಅಡಿಕೆ ಇಕ್ಕಲ್ವಾ ಬುದ್ಧೀ? ಅಣ್ಣಂಗೆ ಇದೇ ಎಲೆಅಡಿಕೆ. ಒಂದು ಹಾಡು ಕೇಳಿಸ್ಬಿಟ್ಟು ಎತ್ತಾನ.”

ಅಜ್ಜಂಪುರದಲ್ಲಿ ಆ ಹೆಡ್‌ಫೋನು ಗೊತ್ತಿಲ್ಲದವರು ಯಾರು? ಎಪ್ಪತ್ತಾರನೇ ಇಸವಿಯಲ್ಲಿ ಬೊಂಬಾಯಿಯ ಕೊಬ್ಬರಿ ದಲ್ಲಾಳಿಯಿಂದ ತರಿಸಿದ ಜರ್ಮನಿ ಮಾಲು. ಹೊಸದರಲ್ಲಿ ತನ್ನ ಕೊಬ್ಬರಿ ಮಂಡಿಗೆ ಬಂದವರ ಕಿವಿಗೆಲ್ಲ ತೊಡಿಸಿ, “ತಂತಿ ಮೀಟಿದ ಉಗುರೂ ಕೇಳ್ತದೆ ನೋಡ್ರೀ” ಎಂದು ಓಂಕಾರಮೂರ್ತಿ ಕೊಚ್ಚಿಕೊಳ್ಳುತ್ತಿದ್ದ. ಅದರಲ್ಲಿ ಹಾಡು ಹಾಕಿಕೊಂಡರೆ ಪಕ್ಕದಲ್ಲಿ ರೈಲು ಹೋದರೂ ಗೊತ್ತಾಗುವುದಿಲ್ಲ ಎಂಬುದು ಅವನ ಇನ್ನೊಂದು ಹೆಮ್ಮೆ.

“ಹತ್ತು ವರ್ಷದಾಗೆ ಒಂದಿನಾನೂ ರಿಪೇರಿಗೆ ಹೋಗಿಲ್ಲ ಕಣ್ರೀ,” ಎಂದ ಎದುರು ಮಂಡಿಯ ಕರಿಸಿದ್ದಪ್ಪ. “ಮಗಳು ಸಾಯ್ತಾವ್ಳೆ ಅಂತ ನಮ್ ಮಂಡಿಗೆ ಫೋನ್ ಬಂದಾಗ, ನಾನೂ ಮಲ್ಲಕ್ಕನೂ ಕೋಣೆ ಬಾಗ್ಲು ಬಡ್ದೂ ಬಡ್ದೂ ಸಾಕಾದ್ವಿ. ಪಾಪ, ದೇವ್ರಂಥ ಮನುಷ್ಯ, ಒಳಗೆ ಕೇಳ್ಲೇ ಇಲ್ಲ.”

ಪಾಪವಂತೆ! ಕಂಬಕ್ಕೆ ಒರಗಿದ್ದ ಹೆಂಡತಿ ಮಲ್ಲಿಕಾಂಬ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಚಪ್ಪರದ ಆಚೆ ಅಳಿಯ ತಮ್ಮಯ್ಯ, ಐದು ವರ್ಷದ ಮಗಳ ಕೈ ಹಿಡಿದು ಬಿಸಿಲಲ್ಲಿ ನಿಂತಿದ್ದ. ಬೇರೆ ಜಾತಿಯವನೆಂದು ಅವನನ್ನು ಈ ಹೊಸಲು ದಾಟಲು ಬಿಟ್ಟಿರಲಿಲ್ಲ. ಇವತ್ತೂ ಯಾರೂ ಒಳಗೆ ಕರೆದಿರಲಿಲ್ಲ.

*

ಮಗಳು ವಿಮಲ ತಮ್ಮಯ್ಯನನ್ನು ಕಟ್ಟಿಕೊಂಡು ಹೋದ ದಿನದಿಂದ ಓಂಕಾರಮೂರ್ತಿ ಸಂಜೆಯಾದರೆ ಕೋಣೆಯ ಅಗುಳಿ ಹಾಕಿ ಹೆಡ್‌ಫೋನು ಏರಿಸುತ್ತಿದ್ದ. “ಒಂದ್ಸಲ ಕರೆಸ್ರೀ” ಎಂದು ಮಲ್ಲಿಕಾಂಬ ಬಾಗಿಲಿಗೆ ಹೇಳುತ್ತಿದ್ದಳು. ಮರದ ಬಾಗಿಲು ಏನು ಹೇಳೀತು? ಮಗಳು ಬಸುರಿ ಎಂದು ತಿಳಿದ ಮೇಲೆ, ಗಂಡ ತರೀಕೆರೆಗೆ ಹೋಗಿದ್ದ ಒಂದು ಮಧ್ಯಾಹ್ನ ಅಡಕತ್ತರಿ ತಂದು ವೈರನ್ನು ಕತ್ತರಿಸಿದಳು. ಬೈಯಲಿ, ಎರಡೇಟು ಹೊಡೆಯಲಿ, ಬಾಯಾದರೂ ಬಿಡಲಿ ಎಂದು.

ಅವನು ಬೈಯಲಿಲ್ಲ. ಮರುದಿನ ನೋಡಿದರೆ ಕತ್ತರಿಸಿದ ಕಡೆ ಕರಿ ಟೇಪು ಸುತ್ತಿತ್ತು. ಸಂಜೆ ಮತ್ತೆ ಅಗುಳಿ ಬಿತ್ತು.

ಕಡೂರಿನಿಂದ ಫೋನು ಬಂದದ್ದು ಅದಾದ ಮೇಲೆ. ಹೆಣ್ಣುಕೂಸು ಹುಟ್ಟಿದೆ, ತಾಯಿ ಉಳಿಯುವ ಹಾಗಿಲ್ಲ, ಅವ್ವನನ್ನು ಕೇಳುತ್ತಿದ್ದಾಳೆ. ಕಡೇ ಬಸ್ಸು ಹೋಗಿತ್ತು. ಜೀಪಿನ ಬೀಗದಕೈ ಓಂಕಾರಮೂರ್ತಿಯ ಜೇಬಿನಲ್ಲಿ. “ಬೀಗದಕೈ ಎಸೀರಿ ಸಾಕು, ನೀವು ಬರೋದ್ ಬ್ಯಾಡ!” ಎಂದು ಮಲ್ಲಿಕಾಂಬ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಕಿಟಕಿಯ ಸಂದಿಯಲ್ಲಿ ಇಣುಕಿದರೆ, ಅವನು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕೈ ಒಂದು ಗಳಿಗೆ ನಿಂತಂತೆ ಕಂಡಿತು. ಮತ್ತೆ ಶುರುವಾಯಿತು.

ಬೆಳಗಿನ ಬಸ್ಸಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ಅವಳಿಗೆ ಇದೊಂದೇ ಕೊರೆತ. ಟೇಪಿನೊಳಗೆ ಅವನು ತಂತಿ ಕೂಡಿಸಿದ್ದನೋ, ಬರೀ ಮೇಲೆ ಸುತ್ತಿದ್ದನೋ? ಕೂಡಿಸಿದ್ದರೆ ಅವನಿಗೆ ಕೇಳಿರಲಿಲ್ಲ, ಕ್ಷಮಿಸಬಹುದು. ಬಿಚ್ಚಿ ನೋಡುವ ಧೈರ್ಯವಾಗಲಿಲ್ಲ. ಬರೀ ಸುತ್ತಿದ್ದರೆ ಮರುದಿನ ಅವನಿಗೆ ಮುದ್ದೆ ಇಕ್ಕುವುದು ಹೇಗೆ?

*

ಚನ್ನಬಸಪ್ಪ ಟೇಪ್ ರೆಕಾರ್ಡರ್ ಹೊತ್ತು ತಂದು ಅಣ್ಣನ ಪಕ್ಕ ಇಟ್ಟ. ಹೆಡ್‌ಫೋನಿನ ಪಿನ್ನು ಚುಚ್ಚಿದ.

“ಬ್ಯಾಡ ಚನ್ನಬಸಪ್ಪ,” ಎಂದಳು ಮಲ್ಲಿಕಾಂಬ.

“ಅತ್ಗೆ, ಅಣ್ಣನ ಆಸೆ...”

“ಬ್ಯಾಡ ಅಂದ್ನಲ್ಲ!”

ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡು ಅವನು ಗುಂಡಿ ಒತ್ತಿದ. ಸರಿಯಾಗಿದೆಯೋ ಎಂದು ಹೆಡ್‌ಫೋನು ತೆಗೆದು ತನ್ನ ಕಿವಿಗೆ ಹಿಡಿದ. ಕುಟ್ಟಿದ. ಪಿನ್ನು ಕಿತ್ತ. ಪೆಟ್ಟಿಗೆಯಿಂದ ಹಾಡು ಭೋರೆಂದು ಹೊರಬಿತ್ತು. ಗಾಬರಿಯಾಗಿ ಆರಿಸಿದ.

“ಮಿಷನ್ ಚೆಂದಾಗೈತೆ. ವೈರೇ ಏನೋ...” ಎಂದು ಟೇಪು ಬಿಚ್ಚಿದ. ಎರಡು ತುಂಡು ಎರಡು ಕೈಗೆ ಬಂದವು. ತಾಮ್ರದ ತಂತಿಯ ತುದಿಗಳನ್ನು ಯಾರೂ ಸಿಪ್ಪೆ ಸುಲಿದು ಹೆಣೆದಿರಲಿಲ್ಲ. “ಇದೇನ್ ಕಣ್ರೀ, ಇಲಿ ಕಡಿದಿರ್ಬೇಕು.”

“ಇಲಿ ಅಲ್ಲ, ನಾನು,” ಎಂದಳು ಮಲ್ಲಿಕಾಂಬ. “ವಿಮಲಿ ಸಾಯೋಕ್ ಮುಂಚೇನೇ ಕತ್ತರಿಸಿದ್ದು.”

ಕರಿಸಿದ್ದಪ್ಪನ ಬಾಯಿ ತೆರೆದೇ ಇತ್ತು. “ಹಂಗಾರೆ ಅವತ್ತು ನಾವ್ ಕೂಗಿದ್ದು...”

“ಎಲ್ಲಾ ಕೇಳ್ಸಿತ್ತು. ನಿನ್ ದೇವ್ರಂಥ ಮನುಷ್ಯಂಗೆ ಪ್ರತಿಯೊಂದೂ ಕೇಳ್ಸಿತ್ತು.”

ಅಯ್ನೋರು ಸಣ್ಣದಾಗಿ, “ಹೊತ್ತಾಯ್ತು, ಎತ್ರಪ್ಪಾ” ಎಂದರು. ಒಬ್ಬರೂ ಮುಂದೆ ಬರಲಿಲ್ಲ.

ಮಲ್ಲಿಕಾಂಬ ಎದ್ದು ಹೊಸಲಿಗೆ ಬಂದಳು. “ತಮ್ಮಯ್ಯಾ, ಬಿಸ್ಲಲ್ಲಿ ಯಾಕಪ್ಪಾ ನಿಂತಿದ್ದೀಯ? ಒಳೀಕ್ ಬಾ. ಮಗಾ ಯಾವಾಗ ಉಂಡಿದ್ದು?”

“ಬೆಳಿಗ್ಗೆ ಬಸ್ ಹತ್ತೋ ಮುಂಚೆ, ಅತ್ತೆ.”

ಅವಳು ಮೊಮ್ಮಗಳನ್ನು ಕಂಕುಳಿಗೆತ್ತಿ, ಗಂಡನ ಮುಂದೆಯೇ ಹಾದು ಅಡುಗೆಮನೆಗೆ ನಡೆದಳು. ಸೌದೆ ಮುರಿಯುವ ಸದ್ದಾಯಿತು.

“ಅಯ್ಯೋ, ಹೆಣ ಇರೋ ಮನೇಲಿ ಒಲೆ ಹಚ್ಬಾರ್ದು ಕಣವ್ವಾ!” ಎಂದು ಒಬ್ಬಳು ಮುದುಕಿ ಕಿರುಚಿಕೊಂಡಳು.

ಹೊಗೆ ನಡುಮನೆಗೆ ಬಂತು. ಭಜನೆಯವರು ಕೆಮ್ಮುತ್ತ ಒಬ್ಬೊಬ್ಬರೇ ಅಂಗಳಕ್ಕಿಳಿದರು. ಒಳಗೆ ಒಗ್ಗರಣೆ ಚಟಪಟ ಎಂದಿತು. ಎದೆಗೆ ಪಂಚೆ ಬಿಗಿದ ಓಂಕಾರಮೂರ್ತಿ ಹೊಗೆಯಲ್ಲಿ ಒಬ್ಬನೇ ಕೂತಿದ್ದ.