ಮೂರು ಸುತ್ತಿನ ಗುಂಡಿ

ನಾವು ಹೊಲಿದ ಶರ್ಟು ಕೊಳ್ಳುವ ದೊಡ್ಡ ಕಂಪನಿಯವರು ತಪಾಸಣೆಗೆ ಬರುವ ದಿನ ನಮ್ಮ ಕಾರ್ಖಾನೆಗೆ ಎಲ್ಲಿಲ್ಲದ ಕಳೆ. ಸದಾ ಬೀಗ ಬಿದ್ದಿರುವ ಹಿಂದಿನ ಬಾಗಿಲು ತೆರೆದುಕೊಳ್ಳುತ್ತದೆ, ಶೌಚಾಲಯದಲ್ಲಿ ಸೋಪು ಕಾಣಿಸಿಕೊಳ್ಳುತ್ತದೆ, ಸೂಪರ್‌ವೈಸರ್ ನಮ್ಮನ್ನು ‘ಅಮ್ಮಾ’ ಎನ್ನುತ್ತಾನೆ. ಸಂಜೆಗೆ ಸೋಪು ವಾಪಸ್ಸು ಸ್ಟೋರಿಗೆ, ಅಮ್ಮನೂ ಅಷ್ಟೇ.

ಈ ಸಲ ಬೆಳಿಗ್ಗೆಯಿಂದ ಅವನದು ಒಂದೇ ಪಾಠ: ಬಟ್ಟೆ ಹೊರಗೆ ಹೋಗುವುದಿಲ್ಲ, ಎಲ್ಲ ಇಲ್ಲೇ ಹೊಲಿದದ್ದು. ಹೇಳುವಾಗ ನನ್ನನ್ನೇ ನೋಡುತ್ತಿದ್ದ. ಗುಂಡಿ ಹಾಕುವ ಮಷೀನು ಕೆಟ್ಟು ಎರಡು ತಿಂಗಳಾಯಿತು. ದಿನಾ ಸಂಜೆ ಒಂದು ಮೂಟೆ ಶರ್ಟು ನನ್ನ ಹೆಗಲೇರಿ ಮನೆಗೆ ಬರುತ್ತದೆ, ಗುಂಡಿ ಹಾಕುವುದು ನಮ್ಮತ್ತೆ. ಮನೆಗೆ ಕೆಲಸ ಕೊಡಕೂಡದು ಎಂದು ಆ ಕಂಪನಿಯ ಕಟ್ಟಪ್ಪಣೆ. ಮನೆಗಳಲ್ಲಿ ಮಕ್ಕಳನ್ನು ಹಚ್ಚಿಬಿಡುತ್ತಾರೆ ಅಂತ. ನಮ್ಮ ಮನೆಯಲ್ಲಿರುವುದು ಎಪ್ಪತ್ತರ ಮುದುಕಿ ಒಬ್ಬರೇ. ಅವರ ಮಗ, ಅಂದರೆ ನನ್ನ ಯಜಮಾನರು, ತೀರಿಕೊಂಡ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದವರನ್ನು ಎಬ್ಬಿಸಿ ಕೂರಿಸಿದ್ದು ಈ ಗುಂಡಿಗಳೇ. ಕೆಲಸ ತಪ್ಪಿದರೆ ಮತ್ತೆ ಮಲಗಿಯಾರು ಎಂಬುದೇ ನನ್ನ ಭಯ.

ತಪಾಸಣೆಗೆ ಬಂದಾಕೆ ದಣಿದಿದ್ದರು. ಆ ವಾರಕ್ಕೆ ನಮ್ಮದು ಆರನೆಯ ಕಾರ್ಖಾನೆಯಂತೆ. ನನ್ನ ಪಕ್ಕ ಕೂತು, ನಮ್ಮಪ್ಪನೂ ದರ್ಜಿಯೇ ಎಂದು ಹೇಳಿಕೊಂಡರು. ಮಾತಾಡುತ್ತಲೇ ಒಂದು ಶರ್ಟಿನ ಗುಂಡಿ ಹಿಡಿದು ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. ಗುಂಡಿ ಅಲ್ಲಾಡಲಿಲ್ಲ. ನಮ್ಮತ್ತೆಯದೊಂದು ಚಾಳಿ: ಗುಂಡಿಯ ಕೆಳಗೆ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕದೆ ಬಿಡುವವರಲ್ಲ. ಹೊತ್ತಾಗುತ್ತೆ, ಅಷ್ಟೆಲ್ಲ ಬೇಡ ಎಂದರೆ, ಬಟ್ಟೆ ಹರಿದರೂ ಗುಂಡಿ ಉಳಿಯಬೇಕು ಕಣೇ ಎನ್ನುತ್ತಿದ್ದರು.

“ಇದು ಮಷೀನ್ ಹಾಕಿದ್ದಲ್ಲಮ್ಮ,” ಎಂದರು ಆಕೆ.

“ನಾನೇ ಹಾಕ್ದೆ ಮೇಡಂ. ಇಲ್ಲೇ ಕೂತ್ಕೊಂಡು.”

ಚೀಲದಿಂದ ಸೂಜಿದಾರ ತೆಗೆದು, ಒಂದು ಹಾಕಿ ತೋರಿಸು ಎಂದು ಕೊಟ್ಟರು. ಹನ್ನೊಂದು ವರ್ಷ ಕಾಲರ್ ಮಷೀನಿನ ಮುಂದೆ ಸವೆದ ಕೈ ನನ್ನದು, ಕೈಸೂಜಿಯ ಗುರುತೇ ಇಲ್ಲ. ಸುತ್ತಲು ಹೋದೆ, ದಾರ ಸಿಕ್ಕಾಯಿತು. ಗುಂಡಿ ಮುದುಕರ ಹಲ್ಲಿನಂತೆ ಅಲ್ಲಾಡಿತು. ಸೂಪರ್‌ವೈಸರ್ ಸೂರು ನೋಡುತ್ತಾ ನಿಂತಿದ್ದ.

ಆಕೆ ಬಯ್ಯಲಿಲ್ಲ. ಯಾರು ಹಾಕಿದ್ದು ಎಂದು ಮೆಲ್ಲಗೆ ಕೇಳಿದರು. ಹೇಳಿಬಿಟ್ಟೆ. ಅತ್ತೆ ಮಲಗಿದ್ದು, ಎದ್ದದ್ದು, ಅದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಬರೀಲೇಬೇಕಲ್ಲಮ್ಮ ಎನ್ನುತ್ತಾ ಬರೆದುಕೊಂಡರು.

ಅವತ್ತು ಬರಿಗೈಯಲ್ಲಿ ಮನೆಗೆ ಬಂದೆ. ಅತ್ತೆ ಕಿಟಕಿಯ ಬಳಿ ಚಾಪೆ ಹಾಸಿ, ಸೂಜಿಗೆ ದಾರ ಪೋಣಿಸಿಟ್ಟುಕೊಂಡು ಕಾಯುತ್ತಿದ್ದರು. ಕಂಪನಿಯವರು ಗುಂಡಿ ನೋಡಿ ಮನೆ ಕೆಲಸ ನಿಲ್ಲಿಸಿದರು ಎಂದೆ.

“ಯಾಕೆ, ಕಿತ್ಕೊಂಡು ಬಂತಾ?”

“ಇಲ್ಲ ಅತ್ತೆ. ಜಗ್ಗಿದ್ರೂ ಬರ್ಲಿಲ್ಲ.”

“ಮತ್ತಿನ್ನೇನಂತೆ ಅವ್ರಿಗೆ?”

ಊಟಕ್ಕಿಡುತ್ತೇನೆ ಎಂದೆ. ಹಸಿವಿಲ್ಲ ಎಂದರು. ಸೂಜಿಯಿಂದ ದಾರ ಹಿರಿದು, ಬೆರಳಿಗೆ ಸುತ್ತಿ ಡಬ್ಬಿಗೆ ಹಾಕಿದರು. ಹೊರಗೆ ಇನ್ನೂ ಬೆಳಕಿತ್ತು. ಅವರು ಆಗಲೇ ದಿಂಬು ಹುಡುಕುತ್ತಿದ್ದರು.