ಡಲ್ಸಿ ಕಿವಿಯಾದ ಬೆಳಗು

ಡಲ್ಸಿಗೆ ಪ್ರಶ್ನೆ ಕೇಳಿದರೆ ಉತ್ತರ ಅವಳ ಗಂಡ ಕ್ಲಿಫ್‌ನ ಬಾಯಿಂದ ಬರುತ್ತದೆ ಎನ್ನುವುದು ಆ ಬೆಟ್ಟದೂರಿಗೆಲ್ಲ ಗೊತ್ತಿತ್ತು. ಬೇಕರಿಯಲ್ಲಿ ಯಾರಾದರೂ "ಸೊಂಟ ಹೇಗಿದೆ ಡಲ್ಸಿ?" ಎಂದರೆ, "ನಿನ್ನೆಯಿಂದ ವಾಸಿ, ಬಗ್ಗೋಕೆ ಮಾತ್ರ ಆಗಲ್ಲ" ಎಂದು ಕ್ಲಿಫ್ ಹೇಳಿ ಮುಗಿಸಿರುತ್ತಿದ್ದ. ನೋವು ಅವಳದು, ವರದಿ ಅವನದು. ಮನುಷ್ಯ ಕೆಟ್ಟವನಲ್ಲ, ಹೆಂಡತಿಗೆ ಬಾಯಿ ತೆರೆಯುವ ಶ್ರಮವಾದರೂ ಯಾಕೆ ಎಂದುಕೊಂಡಿದ್ದನೋ ಏನೋ. ಡಲ್ಸಿಯೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ, ಒಂದು ವಿಷಯ ಬಿಟ್ಟು.

ಆ ಊರಿನ ಪಕ್ಷಿ ಕೂಟದಲ್ಲಿ 'ಕಿವಿ' ಎಂದರೆ ಒಂದು ಪದವಿ. ಚಳಿಗಾಲದಲ್ಲಿ ಹಕ್ಕಿಗಳ ಎಣಿಕೆ ನಡೆಯುವ ದಿನ ಕಣಿವೆಗಳಲ್ಲಿ ಮಂಜು ಕೂತಿರುತ್ತದೆ, ಜರಿಗಿಡಗಳು ಮರದಷ್ಟು ಎತ್ತರ ಬೆಳೆದು ನಿಂತಿರುತ್ತವೆ, ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಕೂಗು ಕೇಳಿದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಕೇಳಿದ್ದು ಕೂಟ ಒಪ್ಪಿದ ಕಿವಿಯಾಗಿರಬೇಕು. ಉಳಿದವರು ಟೀ ಫ್ಲಾಸ್ಕು ಹೊರಬೇಕು, ಅಷ್ಟೇ.

ಕ್ಲಿಫ್ ಊರಿನ ಹಿರಿಯ ಕಿವಿ. ಡಲ್ಸಿ ಬಹಳ ವರ್ಷ ಅವನ ಫ್ಲಾಸ್ಕು ಹೊತ್ತಳು. ಈಗ ಅವಳಿಗೆ ಬೇಕಾಗಿದ್ದು ಇಷ್ಟೇ: ಒಂದು ಕಣಿವೆಯನ್ನು ಕೂಟ ತನಗೆ ಬಿಟ್ಟುಕೊಡಬೇಕು, ಅಲ್ಲಿ ಕೇಳಿದ್ದನ್ನು ತಾನೇ ಹೇಳಬೇಕು, ತಾನು ಹೇಳಿದ್ದೇ ಉಳಿಯಬೇಕು.

ಅವಳು ಕಲಿತದ್ದು ಅಡುಗೆಮನೆಯ ಕಿಟಕಿಯ ಬಳಿ, ಪಾತ್ರೆ ತೊಳೆಯುತ್ತಾ. ಹಕ್ಕಿ ಕೂಗಿದ ಕೂಡಲೇ ನಲ್ಲಿ ನಿಲ್ಲಿಸುವಳು. ಗಂಟೆಹಕ್ಕಿಯದು ಗಾಜಿನ ಲೋಟಕ್ಕೆ ಚಮಚ ತಾಗಿದ ಸದ್ದು. ಗ್ಯಾಂಗ್‌ಗ್ಯಾಂಗ್ ಕಾಕಟೂವಿನದು ಬಾಟಲಿಯ ಬಿಗಿಯಾದ ಬಿರಡೆ ಕಿರ್ರೆಂದು ಬಿಚ್ಚಿಕೊಂಡ ಸದ್ದು. ಹೀಗೆ ಇಡೀ ಕಾಡನ್ನು ಅವಳು ಪಾತ್ರೆಗೂಡಿಗೆ ತಂದು ಜೋಡಿಸಿಟ್ಟುಕೊಂಡಳು. ಪಾತ್ರೆ ತೊಳೆಯುವ ಕೆಲಸ ಮಾತ್ರ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು.

ಹೋದ ವರ್ಷ ಪರೀಕ್ಷೆಗೆ ನಿಂತಿದ್ದಳು. ಆ ಪರೀಕ್ಷೆಗೊಂದು ಕ್ರಮವಿದೆ. ಕಣ್ಣಿಗೆ ಸ್ಕಾರ್ಫು ಕಟ್ಟಿ ಕಣಿವೆಯಲ್ಲಿ ನಿಲ್ಲಿಸುತ್ತಾರೆ, ಇಬ್ಬರು ಕಿವಿಗಳು ಪಕ್ಕದಲ್ಲಿರುತ್ತಾರೆ. ಅವರಲ್ಲಿ ಒಬ್ಬಳಾದ ಕೂಟದ ಅಧ್ಯಕ್ಷೆ ಗ್ಲೆನಿಸ್ ಹೆಗಲು ತಟ್ಟಿದಾಗ, ಆಗಷ್ಟೇ ಕೂಗಿದ ಹಕ್ಕಿಯ ಹೆಸರು ಹೇಳಬೇಕು. ಒಂದು ತಪ್ಪಿದರೂ ಮುಂದಿನ ವರ್ಷ ಬಾ. ಪಕ್ಕದವರು ಹೇಳಿಕೊಟ್ಟರೂ ಅದೇ ಗತಿ. ಡಲ್ಸಿ ಎಲ್ಲವನ್ನೂ ಸರಿಯಾಗಿ ಹೇಳುತ್ತಾ ಬಂದಿದ್ದಳು. ಕೊನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕ್ಲಿಫ್ "ಕರವಾಂಗ್!" ಎಂದು ಹಕ್ಕಿಯ ಹೆಸರು ಹೇಳಿಬಿಟ್ಟ. ಅಲ್ಲಿಗೆ ಮುಗಿಯಿತು. ಮನೆ ತಲುಪುವವರೆಗೆ ಅವಳು ತುಟಿ ಬಿಚ್ಚಲಿಲ್ಲ. ಪಾಪ, ಹೆಂಡತಿಗೆ ಚಳಿಯಾಗುತ್ತಿದೆ ಎಂದುಕೊಂಡು ಅವನು ಕಾರಿನ ಹೀಟರು ಜಾಸ್ತಿ ಮಾಡಿದ.

ಈ ವರ್ಷ ಮತ್ತೆ ಅದೇ ಕಣಿವೆ. ಪಕ್ಕದಲ್ಲಿ ನಿಲ್ಲಬೇಕಿದ್ದ ಇನ್ನೊಬ್ಬ ಕಿವಿ ಜ್ವರ ಬಂದು ಮಲಗಿದ್ದರಿಂದ ಮತ್ತೆ ಕ್ಲಿಫ್‌ನೇ ಗತಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಗ್ಲೆನಿಸ್‌ಳ ದನಿ ಇನ್ನೂ ಕೊನೆಯ ಸೀಟಿಗೆ ಕೇಳುವಂಥದ್ದು.

"ಕ್ಲಿಫ್, ಈ ಸಲ ನಿನ್ನ ಬಾಯಿಗೆ ಬೀಗ. ಪರೀಕ್ಷೆ ಇವಳದು, ನಿಂದಲ್ಲ."

"ನಾನೆಲ್ಲಿ ಮಾತಾಡ್ತೀನಿ ಮಾರಾಯ್ತಿ?" ಎಂದ ಕ್ಲಿಫ್.

ಗ್ಲೆನಿಸ್ ತನ್ನ ಫುಟ್‌ಬಾಲ್ ತಂಡದ ಸ್ಕಾರ್ಫು ಬಿಚ್ಚಿ ಡಲ್ಸಿಯ ಕಣ್ಣಿಗೆ ಕಟ್ಟಿದಳು.

"ಈ ದರಿದ್ರ ಟೀಮಿನ ಸ್ಕಾರ್ಫೇ ಆಗ್ಬೇಕಿತ್ತಾ?" ಎಂದಳು ಡಲ್ಸಿ.

"ಕಣ್ಣಿಗೆ ತಾನೇ ಕಟ್ಟಿರೋದು, ನೋಡ್ಬೇಡ ಬಿಡು."

ಬೆಳಕು ಹರಿಯುತ್ತಿದ್ದಂತೆ ಕಣಿವೆ ಗಲಗಲ ಎನ್ನತೊಡಗಿತು. ಹೆಗಲ ಮೇಲೆ ಕೈ ಬಿದ್ದಾಗಲೆಲ್ಲ ಡಲ್ಸಿ ಹೆಸರು ಹೇಳುತ್ತಾ ಹೋದಳು. ಮನುಷ್ಯರ ಹಾಗೆ ಗಹಗಹಿಸಿ ನಕ್ಕಿದ್ದು ಕೂಕಬರಾ. ಗಂಟೆಹಕ್ಕಿ. ಮರದ ತುದಿಯಲ್ಲಿ ಬಿರಡೆ ಬಿಚ್ಚಿದ ಸದ್ದಾಯಿತು, ಗ್ಯಾಂಗ್‌ಗ್ಯಾಂಗ್. ಅವಳ ದನಿ ತಾನಾಗಿಯೇ ಗಟ್ಟಿಯಾಗುತ್ತಾ ಬಂತು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ.

ಆಗ ಎಡಗಡೆಯಿಂದ ಚಾಟಿ ಬೀಸಿದ ಹಾಗೆ ಛಟೀರ್ ಎಂದಿತು. ಹಿಂದೆಯೇ "ಚ್ಯೂ ಚ್ಯೂ" ಎಂಬ ಉತ್ತರ. ಚಾಟಿಹಕ್ಕಿಯ ಸಂಸಾರ ಆ ಕಾಡಿನಲ್ಲಿ ಎಳೆಮಕ್ಕಳಿಗೂ ಗೊತ್ತು. ಗಂಡು ಚಾಟಿ ಬೀಸುತ್ತದೆ, ಬೇರೆಲ್ಲೋ ಇರುವ ಹೆಣ್ಣು ತಕ್ಷಣ ಉತ್ತರ ಕೊಡುತ್ತದೆ. ಎರಡೂ ಸೇರಿ ಒಂದೇ ಕೂಗು ಎನ್ನುವಷ್ಟು ಬೇಗ.

ಹೆಗಲ ಮೇಲೆ ಕೈ ಬಿತ್ತು. ಡಲ್ಸಿ ಹೇಳಲಿಲ್ಲ. ಇನ್ನೊಮ್ಮೆ ಛಟೀರ್ ಎಂದಿತು, ಇನ್ನೊಮ್ಮೆ ಚ್ಯೂ ಚ್ಯೂ. ಅವಳು ತಲೆಯನ್ನು ಒಂಚೂರು ವಾಲಿಸಿ ಕೇಳಿದಳು. ಪಕ್ಕದಲ್ಲಿ ಕ್ಲಿಫ್‌ನ ಬೂಟುಗಳು ಚಡಪಡಿಸುತ್ತಿದ್ದವು.

"ಲೈರ್‌ಹಕ್ಕಿ," ಎಂದಳು.

"ಅಯ್ಯೋ ಅಲ್ಲ ಕಣೇ!" ಕ್ಲಿಫ್‌ಗೆ ತಡೆಯಲಾಗಲಿಲ್ಲ. "ಅದು ಚಾಟಿಹಕ್ಕಿ! ಜೋಡಿ! ಗಂಡ, ಹೆಂಡ್ತಿ!"

"ಕ್ಲಿಫ್!" ಎಂದು ಗದರಿದಳು ಗ್ಲೆನಿಸ್. ಆದರೆ ಅವಳ ದನಿಯಲ್ಲೂ ಅನುಮಾನವಿತ್ತು. ಡಲ್ಸಿಯ ಹೆಗಲಿಗೆ ಕೈ ಎಟುಕುವಷ್ಟರಲ್ಲೇ ಇದ್ದರೂ ಅವಳು ನಿಂತದ್ದು ತೊರೆಯ ಕಡೆಗೆ. ನೀರಿನ ಸದ್ದಿನಲ್ಲಿ ಅವಳಿಗೂ ಚಾಟಿಹಕ್ಕಿ ಎಂದೇ ಕೇಳಿಸಿತ್ತು. "ಡಲ್ಸಿ, ನೀನು ಮೊದಲೇ ಉತ್ತರ ಹೇಳಿದೀಯ, ಹಾಗಾಗಿ ಇವನ ಮಾತು ಹೇಳಿಕೊಟ್ಟ ಹಾಗಲ್ಲ. ಬೇಕಾದ್ರೆ ಒಂದ್ಸಲ ಬದಲಾಯಿಸ್ಕೋ. ಕ್ಲಿಫ್ ಸುಮ್ನೆ ಹೇಳೋನಲ್ಲ."

ಡಲ್ಸಿಯ ಪಕ್ಕದಲ್ಲಿ ನಿಂತಿದ್ದವನು ಊರಿನ ಹಿರಿಯ ಕಿವಿ. ಅವನು ಹೇಳಿದ್ದನ್ನು ಹೂಂ ಎಂದು ಒಪ್ಪಿಕೊಂಡೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಈಗಲೂ ಹೂಂ ಎಂದರೆ, ಅವನು ಸರಿಯಿದ್ದ ಪಕ್ಷದಲ್ಲಿ, ಕಣಿವೆ ಸಿಗುತ್ತದೆ. ಆದರೆ ಅದು ಅವನು ಕೊಡಿಸಿದ ಕಣಿವೆಯಾಗುತ್ತದೆ. ಮೇಲಾಗಿ ಅವನು ಸರಿಯಿರಲಿಲ್ಲ.

"ಬದಲಾಯಿಸಲ್ಲ," ಎಂದಳು. "ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸೋ ಲೈರ್‌ಹಕ್ಕಿ, ಒಂದೇ ಒಂದು. ಜೋಡಿಯಾಗಿದ್ರೆ ಹೆಣ್ಣು ಬೇರೆ ಕಡೆಯಿಂದ ಕೂಗ್ಬೇಕಿತ್ತು. ಇಲ್ಲಿ ಎರಡೂ ಅದೇ ಪೊದೆಯಿಂದ, ಅದೇ ಬಾಯಿಂದ ಬರ್ತಿದೆ. ಗಂಡಿನ ಮಾತೂ ಅವಂದೇ, ಹೆಣ್ಣಿನ ಉತ್ತರಾನೂ ಅವಂದೇ. ಅಲ್ಲಿ ಯಾವ ಹೆಂಡ್ತೀನೂ ಇಲ್ಲ. ಈ ಥರದ ಸಂಸಾರ ಹೇಗೆ ಕೇಳಿಸತ್ತೆ ಅಂತ ನಂಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ ಗ್ಲೆನಿಸ್."

ಅಷ್ಟರಲ್ಲಿ ಅದೇ ಪೊದೆಯಿಂದ ಕೂಕಬರಾ ನಕ್ಕಿತು. ಅದರ ಬೆನ್ನಿಗೇ ಗ್ಯಾಂಗ್‌ಗ್ಯಾಂಗ್ ಕಿರ್ರೆಂದಿತು. ಮತ್ತೆ ಛಟೀರ್, ಮತ್ತೆ ಚ್ಯೂ ಚ್ಯೂ. ಗ್ಲೆನಿಸ್ ನಾಲ್ಕು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದಳು. ನೀಳ ಬಾಲವನ್ನು ತಲೆಯ ಮೇಲೆ ಹೊದ್ದುಕೊಂಡು ಲೈರ್‌ಹಕ್ಕಿಯೊಂದು ಎಲೆಯ ಗುಡ್ಡೆಯ ಮೇಲೆ ನಿಂತು, ಊರಿನ ಹಕ್ಕಿಗಳ ಮಾತನ್ನೆಲ್ಲ ತಾನೊಂದೇ ಆಡುತ್ತಿತ್ತು. ಗ್ಲೆನಿಸ್‌ಳ ನಗು ಬಸ್ಸಿನ ಕೊನೆಯ ಸೀಟನ್ನೂ ದಾಟಿ ಹೋಯಿತು. "ಈ ಕಣಿವೆ ಇನ್ಮೇಲೆ ನಿಂದು ಡಲ್ಸಿ," ಎಂದಳು.

ಡಲ್ಸಿ ಸ್ಕಾರ್ಫು ಬಿಚ್ಚಿದಳು. ಕ್ಲಿಫ್‌ನ ಮುಖ ಕೆಂಪಾಗಿತ್ತು. ಅವನು ಕಿವಿಯ ಹಿಂದಿನ ಮಷಿನ್ನನ್ನು ಮುಟ್ಟಿ ನೋಡಿಕೊಂಡ. ಅದು ಬಂದು ಇನ್ನೂ ಕೆಲವೇ ತಿಂಗಳಾಗಿತ್ತು.

"ಇದ್ರಲ್ಲಿ ದನಿ ಕೇಳ್ಸತ್ತೆ ಕಣೇ, ಎಲ್ಲಿಂದ ಬಂತು ಅನ್ನೋದು ಗೊತ್ತಾಗಲ್ಲ," ಎಂದ ಮೆಲ್ಲಗೆ. ಆಮೇಲೆ ಕೇಳಿದ: "ನಾನು ಅಷ್ಟೊಂದು ಮಾತಾಡ್ತೀನಾ?"

"ಹೂಂ," ಎಂದಳು ಡಲ್ಸಿ.

ಅವನು ಮುನಿಸಿಕೊಳ್ಳಬಹುದು ಎಂದು ಕಾದಳು. ಮುನಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುವವನಂತೆ ನಡೆದ.

ಊರಿನ ಹಾಲ್‌ನಲ್ಲಿ ಟೀ, ಬಿಸಿ ಸ್ಕೋನು, ಜಾಮು ಸಿದ್ಧವಾಗಿದ್ದವು. ಸುದ್ದಿ ಅವರಿಗಿಂತ ಮೊದಲೇ ಒಳಗೆ ಬಂದು ಕೂತಿತ್ತು. ಕೂಟದವರೆಲ್ಲ ಸುತ್ತುವರಿದು, ರೂಢಿಯಂತೆ ಕ್ಲಿಫ್‌ನನ್ನೇ ಕೇಳಿದರು: "ಅದೇನಪ್ಪಾ ಅದು, ಡಲ್ಸಿ ಲೈರ್‌ಹಕ್ಕೀನ ಹೇಗೆ ಹಿಡಿದ್ಳು?"

ಕ್ಲಿಫ್ ಬಾಯಿ ತೆರೆದ. ಹೇಳಲು ಅವನ ಬಳಿ ಬೇಕಾದಷ್ಟಿತ್ತು, ಹೆಮ್ಮೆ ಮುಖದ ತುಂಬ ಉಕ್ಕುತ್ತಿತ್ತು. ಆದರೂ ಒಂದು ಸ್ಕೋನನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಹೆಂಡತಿಗೆ ಕುರ್ಚಿ ಎಳೆದುಕೊಟ್ಟು, ಅವಳ ಕಡೆ ಕೈ ತೋರಿಸಿದ.

ಡಲ್ಸಿ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ, ಮೊದಲಿನಿಂದ, ಒಂದಕ್ಷರವನ್ನೂ ಬಿಡದೆ ಹೇಳಿದಳು.