ವೆಸ್ಟೆರಾಸ್‌ನಲ್ಲೊಂದು ತವರು

ಐವತ್ತೈದನೆಯ ವಯಸ್ಸಿಗೆ ನನಗೊಬ್ಬ ಅಕ್ಕ ಸಿಕ್ಕಿದಳು. ನಗುವವರು ನಗಲಿ. ಮನೆ ತುಂಬ ಒಡಹುಟ್ಟಿದವರಿದ್ದವರು ತಾನೇ 'ಅಯ್ಯೋ, ನಮ್ಮಕ್ಕನ ಕಾಟ' ಎಂದು ಗೊಣಗುವುದು. ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಆಶ್ರಮದಲ್ಲಿ. ಮದುವೆಯಾಗದೆ ಬಸಿರಾದ ಹುಡುಗಿಯರನ್ನು ಮನೆಯವರು ಕದ್ದುಮುಚ್ಚಿ ತಂದು ಬಿಡುತ್ತಿದ್ದ ಜಾಗ ಅದು. ಹೆತ್ತವರು ಹೊರಟು ಹೋಗುತ್ತಿದ್ದರು, ಹುಟ್ಟಿದವರು ಉಳಿಯುತ್ತಿದ್ದೆವು. ನನ್ನನ್ನು ಹೆತ್ತವಳ ಹೆಸರೇನು ಎಂದು ಕೂಡ ಯಾರೂ ಹೇಳಲಿಲ್ಲ.

ಅಕ್ಕನನ್ನು ಹುಡುಕಿಕೊಟ್ಟವನು ಇಲ್ಲೇ ಸ್ವೀಡನ್ನಿನ ಲುಂಡ್‌ನಲ್ಲಿ ಸಂಶೋಧನೆ ಮಾಡಿಕೊಂಡಿರುವ ನನ್ನ ಮಗ ವೇದ್. ಯಾವುದೋ ಕಂಪನಿಗೆ ಎಂಜಲು ಕಳಿಸಿದರೆ ರಕ್ತಸಂಬಂಧಿಕರು ಯಾರೆಂದು ಹೇಳುತ್ತಾರಂತೆ. ಕಳಿಸಿದ. ವೆಸ್ಟೆರಾಸ್‌ನಲ್ಲಿರುವ ಉಲ್ರಿಕಾ ಎಂಬ ಅರವತ್ತರ ಹೆಂಗಸು ಅವನಿಗೆ ದೊಡ್ಡಮ್ಮನೋ ಸೋದರತ್ತೆಯೋ ಆಗಬೇಕು ಎಂದು ಉತ್ತರ ಬಂತು. ಹೆಸರು ಇಲ್ಲಿಯದು, ಮುಖ ನಮ್ಮ ಕಡೆಯದು. ಕೂಸಾಗಿದ್ದಾಗ ಸ್ವೀಡನ್ನಿನ ದಂಪತಿ ದತ್ತು ತಂದಿದ್ದರು. ಎಲ್ಲಿಂದ? ನಾನು ಹುಟ್ಟಿದ ಆಶ್ರಮದಿಂದಲೇ. ಇನ್ನೇನು ಬೇಕು? ಪಾಪ, ಒಬ್ಬಳೇ ತಾಯಿ ಎರಡು ಸಲ ಆ ಬಾಗಿಲು ತಟ್ಟಿದ್ದಾಳೆ ಅಂದುಕೊಂಡೆವು. ಸೋದರತ್ತೆ ಎಂಬ ಮಾತನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗಂಡ ವೆಂಕಟರಮಣ ತೀರಿಕೊಂಡ ಮೇಲೆ ಸುಂಡ್‌ಬೀಬರ್ಯ್‌ನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ವಾರವೆಲ್ಲ ದಾಗಿಸ್‌ನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳ ಮೂಗು ಒರೆಸಿ, ಜಾಕೆಟ್ಟು ತೊಡಿಸಿ, ಶುಕ್ರವಾರ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಮಾತಿಲ್ಲದೆ ಬಾಯಿಗೂ ಜಡ್ಡು ಹಿಡಿಯುತ್ತದೆ, ಬೇಕಾದರೆ ಇದ್ದು ನೋಡಿ. ಉಲ್ರಿಕಾ ಸಿಕ್ಕ ಮೇಲೆ ಶನಿವಾರ ಬಂತೆಂದರೆ ಚಟ್ನಿಪುಡಿ, ಗೊಜ್ಜು, ಚಕ್ಕುಲಿ ಕಟ್ಟಿಕೊಂಡು ವೆಸ್ಟೆರಾಸ್ ರೈಲು ಹತ್ತುವುದೇ ಕೆಲಸವಾಯಿತು. ಒಮ್ಮೆ ಕನ್ನಡ ಕೂಟದ ಗೀತಾ ಸ್ಟೇಷನ್ನಿನಲ್ಲಿ ಸಿಕ್ಕಿದಳು.

“ಏನ್ರೀ ಶೋಭನಾ, ಇಷ್ಟೊಂದು ಲಗೇಜು? ಎಲ್ಲಿಗೆ ಹೊರಟ್ರಿ?”

“ತವರಿಗೆ ಕಣ್ರೀ,” ಎಂದೆ.

ಆ ಮಾತನ್ನು ಜನ್ಮದಲ್ಲಿ ಮೊದಲ ಸಲ ಆಡಿದ್ದು. ಗೀತಾಗೆ ಏನೂ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ರೈಲಿನಲ್ಲಿ ಕೂತ ಮೇಲೆ ಇನ್ನೊಂದು ಸಲ ನನಗೆ ನಾನೇ ಹೇಳಿಕೊಂಡೆ.

ಉಲ್ರಿಕಾಗೆ ಕನ್ನಡ ಬಾರದು, ನಮ್ಮ ಮಾತೆಲ್ಲ ಸ್ವೀಡಿಷ್‌ನಲ್ಲಿ. 'ತಂಗಿ' ಎಂಬ ಒಂದು ಮಾತನ್ನು ಕಲಿಸಿದ್ದೆ. ಗಂಡನನ್ನು ಬಿಟ್ಟು ಬಹಳ ವರ್ಷವಾದ ಹೆಂಗಸು, ಒಂಟಿ ಇದ್ದೂ ಇದ್ದೂ ಶಿಸ್ತು ಜಾಸ್ತಿ. ಅವಳ ಮೋಟು ಕೂದಲಿಗೆ ಬಿಸಿ ಎಣ್ಣೆ ಹಚ್ಚಿ ತಟ್ಟಿದರೆ ಕೂತಲ್ಲೇ ತೂಕಡಿಸುತ್ತಿದ್ದಳು. ಒಂದು ದಿನ ನನ್ನ ಅಡುಗೆಗೆ ಉಪ್ಪು ಹೆಚ್ಚು, ಬಿಪಿ ಬರುತ್ತದೆ ಎಂದು ಗದರಿದಳು. ನಾನು ಮೂತಿ ಊದಿಸಿಕೊಂಡು ಬಂದು ಫೋನೇ ಮಾಡಲಿಲ್ಲ. ಅವಳೇ ಮಾಡಿ, “ಕೋಪ ಇಳಿಯಿತಾ, ತಂಗೀ?” ಎಂದಳು. ಮುನಿಸಿಕೊಂಡರೆ ಸಮಾಧಾನ ಮಾಡುವವರೊಬ್ಬರು ಇರುವುದು ಎಂಥ ಭಾಗ್ಯ. ಫೋನಿಟ್ಟ ಮೇಲೆ ಅತ್ತುಬಿಟ್ಟೆ.

“ನೀನೂ ಪರೀಕ್ಷೆ ಮಾಡಿಸು. ನಮ್ಮಿಬ್ಬರ ತಂದೆಯೂ ಒಬ್ಬನೇ ಇರಬಹುದೇನೋ, ಗೊತ್ತಾಗುತ್ತದೆ,” ಎಂದವಳೂ ಅವಳೇ. ಆಸೆಗೆ ಕೊನೆ ಎಲ್ಲಿದೆ? ನಾನೂ ಉಗಿದು ಕಳಿಸಿದೆ.

ಫಲಿತಾಂಶ ಬಂದ ದಿನ ವೇದ್ ಫೋನು ಮಾಡಿದ.

“ಅಮ್ಮ, ಕೂತಿದ್ದೀಯಾ?”

“ನಿಂತ್ಕೊಂಡೇ ಕೇಳಿಸ್ಕೋತೀನಿ, ಹೇಳೋ.”

“ನಿನಗೂ ಉಲ್ರಿಕಾಗೂ ಮ್ಯಾಚೇ ಇಲ್ಲ. ಝೀರೋ.”

“ನಿನಗಿತ್ತಲ್ಲೋ?”

“ನನಗಿದೆ. ಅಂದ್ರೆ ಅದು ಅಪ್ಪನ ಸೈಡಿಂದ ಬಂದಿದ್ದು. ಅಜ್ಜಿ ತಮ್ಮನ ಮೊಮ್ಮಗ ಸ್ಕಂದ ಇದಾನಲ್ಲ, ಅವನಿಗೂ ಅವಳು ಮ್ಯಾಚ್ ಆಗ್ತಾಳೆ. ಅಮ್ಮ, ಉಲ್ರಿಕಾ ಅಜ್ಜಿ ಮಗಳು. ಮದುವೆಗೆ ಮುಂಚೆ ಹುಟ್ಟಿದವಳು.”

ಅಜ್ಜಿ ಎಂದರೆ ನನ್ನ ಅತ್ತೆ, ತೀರಿಹೋದ ಕಮಲಾಕ್ಷಮ್ಮ. ಮೈಸೂರಿನ ಆ ಮನೆಯ ಹಾಲಿನಲ್ಲಿ ಏಳು ತಲೆಮಾರಿನ ವಂಶವೃಕ್ಷಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ವೇದ್‌ಗೆ ಚಿಕ್ಕಂದಿನಲ್ಲಿ ಉಬ್ಬಸ ಬಂದರೆ, 'ತಾಯಿ ಕಡೆ ಯಾರಿಗಿತ್ತೋ ಏನೋ' ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮನೆಯಲ್ಲಿ ಏನು ಕುಂದು ಕಂಡರೂ ಅದು ನನ್ನ ಹುಟ್ಟಿನ ಲೆಕ್ಕಕ್ಕೆ. ನನಗೆ ಜೋರಾಗಿ ನಗು ಬಂತು.

“ಎಲ್ಲರ ಮನೆ ದೋಸೇನೂ ತೂತೇ ಕಣೋ,” ಎಂದೆ.

“ಅಮ್ಮ, ಆರ್ ಯು ಓಕೆ?”

ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ನನ್ನನ್ನು ಉರಿಸಿದ್ದು ಅತ್ತೆಯಲ್ಲ. ಕಳಂಕವೆಂದರೆ ಅದು ನನ್ನ ಕಡೆಯದೇ ಇರಬೇಕೆಂದು ನಾನೂ ನಂಬಿದ್ದೆನಲ್ಲ, ಅದು. ನಂಬಿದ್ದಕ್ಕೆ ಒಬ್ಬ ಅಕ್ಕನನ್ನು ಕೊಟ್ಟು ಕಸಿದುಕೊಂಡ ಹಾಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಉಲ್ರಿಕಾಗೆ ಇದು ಕಾಣಿಸಲ್ಲ,” ಎಂದ ವೇದ್ ಮೆಲ್ಲಗೆ. “ಮ್ಯಾಚ್ ಇದ್ರೆ ಮಾತ್ರ ತೋರಿಸೋದು. ನೀನಾಗಿ ಹೇಳಿದ್ರಷ್ಟೇ ಗೊತ್ತಾಗುತ್ತೆ. ನಾನಂತೂ ಹೇಳಲ್ಲ.”

ಅಂದರೆ ಸುಮ್ಮನಿರಬಹುದಿತ್ತು. ಎಂಜಲು ಕೆಟ್ಟಿತಂತೆ ಎಂದರೆ ಮುಗಿಯಿತು, ಅಕ್ಕ ಅಕ್ಕನಾಗಿಯೇ ಉಳಿಯುತ್ತಿದ್ದಳು. ಆ ವಾರವೆಲ್ಲ ಅದನ್ನೇ ಯೋಚಿಸಿದೆ. ಯಾರ ಗಂಟು ಹೋಗುತ್ತಿತ್ತು? ಆದರೆ ಉಲ್ರಿಕಾಗೆ ಒಂದು ಅಭ್ಯಾಸ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಎದುರಿನ ಕನ್ನಡಿ ನೋಡಿಕೊಂಡು, “ಅಮ್ಮ ಹೇಗಿದ್ದಿರಬಹುದು?” ಎನ್ನುತ್ತಿದ್ದಳು, ಪ್ರತಿ ಸಲವೂ. ಆ ಅಮ್ಮನ ಫೋಟೋ ನನ್ನ ಬೀರುವಿನಲ್ಲಿ ಬಿದ್ದಿತ್ತು. ತಾಯಿಯ ಮುಖ ಕಾಣದೆ ಬದುಕುವುದು ಏನೆಂದು ನನಗಲ್ಲದೆ ಇನ್ನಾರಿಗೆ ಗೊತ್ತು?

ಶನಿವಾರ ಫೋಟೋವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅವಳು ಕಾಫಿ ಇಟ್ಟಳು. ಚಳಿ ಕೋಟು ಬಿಚ್ಚುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನಿಧಾನಕ್ಕೆ ಹೇಳಲು ಹೊರಟಿದ್ದರೆ ನನ್ನ ಕೈಲಾಗುತ್ತಿರಲಿಲ್ಲ.

“ಹಾಗಾದರೆ ನಾವು ಅಕ್ಕತಂಗಿಯರಲ್ಲ,” ಎಂದಳು.

“ಅಲ್ಲ. ನೀನು ನನ್ನ ಗಂಡನ ಅಕ್ಕ.”

ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ನಾನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ಫೋಟೋ ಕಣ್ಣಿಗೆ ಬಿತ್ತು. ಮುಗಿಯಿತು. ಆಮೇಲೆ ಆ ಮೇಜಿನ ಬಳಿ ನಾನಿರಲೇ ಇಲ್ಲ ಎಂದು ಹೇಳಬೇಕು. ಅದೇ ಅಗಲ ಹಣೆ, ಅದೇ ಗಲ್ಲ. ತನ್ನ ಕಿವಿ ಮುಟ್ಟಿಕೊಂಡಳು, ಚಿತ್ರದ ಕಿವಿ ಮುಟ್ಟಿದಳು. ಅರವತ್ತು ವರ್ಷ ಕಾದಿದ್ದ ಮುಖ, ನೋಡಲಿ ಬಿಡಿ. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

“ಹೇಗಿದ್ದಳು?” ಎಂದು ಕೇಳಿದಳು.

“ಗಟ್ಟಿಗಿತ್ತಿ. ಯಾರಿಗೂ ಹೆದರುತ್ತಿರಲಿಲ್ಲ.” ನಾಲಿಗೆಯ ವಿಷಯ ಹೇಳಲಿಲ್ಲ.

“ನನ್ನನ್ನು ಯಾವತ್ತಾದರೂ ಹುಡುಕಿದ್ದಳಾ?”

ಗೊತ್ತಿಲ್ಲ ಎನ್ನಲು ಹೊರಟಿದ್ದೆ. ಆಗ ನನಗೆ ಅದು ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.

ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಕಮಲಾಕ್ಷಮ್ಮ ರೇಷ್ಮೆ ಸೀರೆ ಉಟ್ಟು ಕಾರಿನಲ್ಲಿ ಆಶ್ರಮಕ್ಕೆ ಬಂದಿದ್ದರು. ಮೇಟ್ರನ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಕಣ್ಣು ಊದಿತ್ತು. “ಇಲ್ಲೇ ಹುಟ್ಟಿದವರು ಯಾರಿದ್ದಾರೆ?” ಎಂದರು. ಮದುವೆಯ ವಯಸ್ಸಿನವಳು ನಾನೊಬ್ಬಳೇ. ನನ್ನನ್ನು ದಿಟ್ಟಿಸಿ ನೋಡಿ, “ಇವಳನ್ನೇ ನನ್ನ ಮಗನಿಗೆ ತಂದುಕೊಳ್ತೀನಿ,” ಎಂದರು. ಎಂಥ ದೊಡ್ಡ ಮನಸ್ಸು ಎಂದು ಮೈಸೂರೆಲ್ಲ ಹೊಗಳಿತು. ಆಮೇಲೆ ಸ್ವೀಡನ್ನಿಗೆ ಬರುವವರೆಗೂ ಅವರ ಬಾಯಲ್ಲಿ ನಾನು 'ಬೀದಿಯಿಂದ ತಂದವಳು'. ಎಲ್ಲವನ್ನೂ ನುಂಗಿಕೊಂಡೆ. ಯಾವ ಬಲದ ಮೇಲೆ? ನನ್ನಲ್ಲಿ ಏನೋ ಕಂಡು, ಇವರೇ ಆರಿಸಿಕೊಂಡು ತಂದದ್ದಲ್ಲವೇ ಎಂಬ ಬಲದ ಮೇಲೆ. ಹೆತ್ತವಳೇ ಬಿಟ್ಟುಹೋದ ನನ್ನನ್ನು ಲೋಕದಲ್ಲಿ ಒಬ್ಬರಾದರೂ ಬೇಕೆಂದು ಕೇಳಿ ಪಡೆದಿದ್ದರು. ನನ್ನದು ಎಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ.

ಬಾಗಿಲು ಹಾಕಿಕೊಂಡು ಅವರು ಏನು ಕೇಳಿದ್ದರು, ಏನು ಉತ್ತರ ಬಂದು ಕಣ್ಣು ಊದಿತ್ತು ಎನ್ನುವುದು ಉಲ್ರಿಕಾಳ ಅಡುಗೆಮನೆಯಲ್ಲಿ ಕೂತು ನನಗೆ ತಿಳಿಯಿತು. ಇದನ್ನು ಹೇಳಲೇಬೇಕೆಂದೇನೂ ಇರಲಿಲ್ಲ. ವೇದ್‌ಗೂ ಗೊತ್ತಿಲ್ಲ, ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಸಂಜೆ ಎಲ್ಲರ ಅಮ್ಮಂದಿರೂ ಬಂದು ಹೋದ ಮೇಲೆ ದಾಗಿಸ್‌ನಲ್ಲಿ ಉಳಿದುಹೋದ ಒಂದು ಮಗು ಹಾಗೇ ನೋಡುತ್ತದೆ.

“ಹುಡುಕಿದ್ದರು,” ಎಂದೆ. “ಆಶ್ರಮಕ್ಕೇ ಬಂದಿದ್ದರು. ನಿನ್ನನ್ನು ಕೇಳಿಕೊಂಡು ಬಂದಿದ್ದರು. ಅಷ್ಟರಲ್ಲಿ ನೀನು ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು.”

ಉಲ್ರಿಕಾ ಫೋಟೋವನ್ನು ಎದೆಗವಚಿಕೊಂಡಳು. ಅತ್ತು ಅತ್ತು, ಕೊನೆಗೆ ಮುಖ ಒರೆಸಿಕೊಂಡು ಕೇಳಿದಳು, “ನಾನಿಲ್ಲ ಎಂದು ಗೊತ್ತಾದಾಗ ಏನು ಮಾಡಿದಳು?”

“ನಿನ್ನ ಬದಲು ನನ್ನನ್ನು ಕರೆದುಕೊಂಡು ಹೋದರು,” ಎಂದೆ.